ಕಾಯಿಲೆಯವರ ಹತ್ತಿರ ಹಳೆಯ ಮಾತು ತೆಗೆಯುವಾಗ

ನಾನು ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ನರ್ಸ್. ಹೋಮ್ ಕೇರ್ ವ್ಯಾನಿನಲ್ಲಿ ಮನೆಮನೆಗೆ ಹೋಗುತ್ತೇನೆ. ನಾವು ನೋಡುವವರಲ್ಲಿ ಕ್ಯಾನ್ಸರ್ ರೋಗಿಗಳೇ ಜಾಸ್ತಿ. ಡ್ರೆಸ್ಸಿಂಗ್, ಟ್ಯೂಬು, ಮಾತ್ರೆ ಎಲ್ಲ ಮುಗಿದ ಮೇಲೆ ಒಂದಿಷ್ಟು ಹೊತ್ತು ಕೂತು ಮಾತಾಡುವುದೂ ನಮ್ಮ ಕೆಲಸವೇ. ಹಳೆಯ ನೆನಪು ತೆಗೆದರೆ ಮದುವೆ, ಮಕ್ಕಳು, ಕಟ್ಟಿಸಿದ ಮನೆ ಇವೇ ಬರುತ್ತವೆ ಅಂತ ಮನೆಯವರು ಅಂದುಕೊಂಡಿರುತ್ತಾರೆ. ನಾನು ಕಂಡಂತೆ ಅವು ಬೇಗ ಮುಗಿಯುತ್ತವೆ. ತಾವು ಚೆನ್ನಾಗಿ ಮಾಡುತ್ತಿದ್ದ ಕೆಲಸದ ಮಾತು ಶುರುವಾದರೆ ಮಾತ್ರ ನನಗೆ ಎದ್ದು ಬರುವುದೇ ಕಷ್ಟ.

ಒಬ್ಬರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಬೆಂಗಳೂರು–ಮಂಗಳೂರು ರಾತ್ರಿ ಬಸ್ಸು. "ಅಪ್ಪಾ, ಅಕ್ಕನ ಮದುವೆ ವಿಷಯ ಹೇಳಿ ಸಿಸ್ಟರ್‌ಗೆ" ಅಂತ ಮಗ ಪಕ್ಕದಲ್ಲೇ ನಿಂತು ನೆನಪಿಸುತ್ತಿದ್ದ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ಅಂತ ಒಂದೊಂದೇ ದಾಟಿ ಸಕಲೇಶಪುರಕ್ಕೆ ಬಂದರು. ಅಲ್ಲಿಂದ ಮುಂದೆ ಶಿರಾಡಿ ಘಾಟಿ. "ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್, ಸಿಸ್ಟರ್. ಸುಮ್ನೆ ಬ್ರೇಕ್ ಒತ್ಕೊಂಡೇ ಇಳಿದ್ರೆ ಕಾದು ಹೋಗತ್ತೆ, ಆಮೇಲೆ ಹಿಡಿಯೋದೇ ಇಲ್ಲ." ಹೊದಿಕೆಯ ಮೇಲೆ ಎಡಗೈ ಗೇರ್ ಬದಲಿಸುತ್ತಿತ್ತು. ಮಳೆ, ಮಂಜು, ಎದುರಿಗೆ ಟ್ಯಾಂಕರ್ ಸಾಲು, ಹಿಂದೆ ನಿದ್ದೆ ಹೋದ ಜನ. ಮಗ್ಗುಲು ಬದಲಿಸಲೂ ಇನ್ನೊಬ್ಬರನ್ನು ಕರೆಯಬೇಕಾದ ಮನುಷ್ಯನಿಗೆ, ಒಂದು ಬಸ್ಸು ತುಂಬ ಜನ ನನ್ನನ್ನು ನಂಬಿ ಮಲಗಿದ್ದರು ಅನ್ನುವುದು ಸಣ್ಣ ವಿಷಯವಲ್ಲ, ಅಲ್ವಾ?

ಕೆನಡಾದ ವಿನಿಪೆಗ್‌ನ ಮನೋವೈದ್ಯ ಹಾರ್ವೆ ಚೋಚಿನೋವ್ ಇಂಥ ಮಾತುಕತೆಗೇ ಡಿಗ್ನಿಟಿ ಥೆರಪಿ ಅಂತ ಒಂದು ಕ್ರಮ ರೂಪಿಸಿದ್ದಾರೆ. ಬದುಕಿನಲ್ಲಿ ಯಾವುದು ಮುಖ್ಯ ಅನಿಸಿತು, ಏನೇನು ಜವಾಬ್ದಾರಿ ಹೊತ್ತಿರಿ, ಯಾವುದರ ಬಗ್ಗೆ ಹೆಮ್ಮೆ, ಮನೆಯವರಿಗೆ ಏನು ಹೇಳಬೇಕು ಅಂತ ಕೇಳುತ್ತಾರೆ. ಹೇಳಿದ್ದನ್ನು ರೆಕಾರ್ಡ್ ಮಾಡಿ, ಬರಹಕ್ಕಿಳಿಸಿ ತಿದ್ದಿ, ರೋಗಿಗೇ ಓದಿ ಹೇಳಿ, ಕೊನೆಗೆ ಅವರ ಕೈಗೆ ಕೊಡುತ್ತಾರೆ. ಅದನ್ನು ಅವರು ಬೇಕಾದವರಿಗೆ ಕೊಡಬಹುದು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದ 100 ರೋಗಿಗಳಿದ್ದರು. ಅವರಲ್ಲಿ 91 ಮಂದಿ ಇದರಿಂದ ತೃಪ್ತಿಯಾಯಿತು ಅಂದರು.

ನಮ್ಮಲ್ಲಿ, ಮನೆಯವರಿಗೆ ಏನು ಹೇಳಬೇಕು ಅನ್ನುವ ಆ ಕೊನೆಯ ಪ್ರಶ್ನೆಯೇ ತೊಡಕು. ಬಾಗಿಲಲ್ಲೇ ತಡೆದು "ಅವರಿಗೆ ಕಾಯಿಲೆ ವಿಷಯ ಏನೂ ಗೊತ್ತಿಲ್ಲ, ಹೇಳಬೇಡಿ" ಅನ್ನುವ ಮನೆಗಳು ಎಷ್ಟೋ. (ರೋಗಿಗೆ ಗೊತ್ತಿರುತ್ತದೆ. ಅವರೂ ಮನೆಯವರಿಗೋಸ್ಕರ ಸುಮ್ಮನಿರುತ್ತಾರೆ.) ಅಂಥ ಕಡೆ "ಏನು ಕೆಲಸ ಮಾಡ್ತಿದ್ರಿ?" ಅಂತ ಶುರುಮಾಡಿದರೆ ಯಾರಿಗೂ ಗಾಬರಿಯಾಗುವುದಿಲ್ಲ. "ನಿಮ್ಮ ಕೊನೆಯ ಆಸೆ ಏನು?" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇದಕ್ಕೆಲ್ಲ ಮೊದಲು ನೋವು ಹಿಡಿತಕ್ಕೆ ಬರಬೇಕು. ನೋವಿನಲ್ಲಿ ಒದ್ದಾಡುವವರಿಗೆ ನೆನಪು ಯಾವ ಲೆಕ್ಕ? ಮಾರ್ಫಿನ್ ಮಾತ್ರೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ. ತೆಗೆದುಕೊಂಡು ಸುಮಾರು ಒಂದು ಗಂಟೆಯಾದ ಮೇಲೆ ಕೂತರೆ ಮಾತು ಬರುತ್ತದೆ.

ಮಾತೇ ಬಾರದವರೂ ಇದ್ದಾರೆ. ಬಾಯಿ, ಗಂಟಲಿನ ಕ್ಯಾನ್ಸರ್ ನಮ್ಮಲ್ಲಿ ಜಾಸ್ತಿ. ವಿಜಯಪುರ ಕಡೆಯ ಒಬ್ಬ ಅಮ್ಮ, ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದರು. ಮೂಗಿನ ಟ್ಯೂಬಿನಲ್ಲೇ ಊಟ. ಊರಲ್ಲಿ ಮದುವೆ ಮನೆಗಳಿಗೆ ರೊಟ್ಟಿ ಬಡಿಯುತ್ತಿದ್ದವರು ಅಂತ ಸೊಸೆ ಹೇಳಿದಳು. ನನಗೂ ತೋರಿಸಿ ಅಂದೆ. ಸೊಸೆ ಪರಾತದಲ್ಲಿ ಜೋಳದ ಹಿಟ್ಟು ತಂದಳು, ಬಿಸಿನೀರು ಹಾಕಿ ನಾದಿದಳು. ಅಮ್ಮ ಬೆರಳಿಂದ ಒತ್ತಿ ನೋಡಿ ತಲೆ ಅಲ್ಲಾಡಿಸಿದರು, ಇನ್ನೂ ನಾದು ಅಂತ. ಮತ್ತೆ ನಾದಿದಳು, ಮತ್ತೆ ತಲೆ ಅಲ್ಲಾಡಿತು. ಆಮೇಲೆ ತಾವೇ ಒಂದು ಉಂಡೆ ಎತ್ತಿಕೊಂಡು ನಾಲ್ಕು ಏಟು ಬಡಿದರು. ಅಷ್ಟಕ್ಕೇ ಸುಸ್ತು. ನಾನು ಬಡಿದ ರೊಟ್ಟಿ ಅಂಚು ಬಿರಿದು ಭಾರತದ ನಕ್ಷೆಯ ಹಾಗಾಗಿತ್ತು. ಅದನ್ನು ನೋಡಿ ಭುಜ ಕುಲುಕಿಸಿ ನಕ್ಕರು. ತಮಾಷೆ ಅಂದರೆ, ಮುಂದಿನ ಸಲ ಹೋದಾಗ ಪರಾತ ಮೊದಲೇ ಮಂಚದ ಪಕ್ಕ ಸಿದ್ಧವಾಗಿತ್ತು.

ಮನೆಯವರಿಗೆ ಒಂದು ಮಾತು. ಇಸವಿ ತಪ್ಪು ಹೇಳಿದರೆ, ಹೇಳಿದ್ದನ್ನೇ ಹೇಳಿದರೆ ತಿದ್ದಬೇಡಿ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ರೆಕಾರ್ಡ್ ಮಾಡುವುದಾದರೆ ರೋಗಿಯನ್ನು ಕೇಳಿ, ಮನೆಯವರ ಫೋನಿನಲ್ಲೇ ಮಾಡುತ್ತೇವೆ. ಹಳೆಯದು ಬೇಡ, ಕ್ರಿಕೆಟ್ ಹಾಕಿ ಅನ್ನುವವರೂ ಇದ್ದಾರೆ, ಹಾಕುತ್ತೇವೆ. ತಮ್ಮನ ಜೊತೆ ಬದುವಿನ ಜಗಳ, ತೀರಿಸದ ಸಾಲ, ಇಂಥವನ್ನು ಕೆಲವರು ಹೊರಗಿನವಳು ಅಂತಲೇ ನನ್ನ ಹತ್ತಿರ ಹೇಳುತ್ತಾರೆ. "ತಮ್ಮನಿಗೆ ಫೋನ್ ಮಾಡಿಸಲಾ?" ಅಂತ ಒಂದೇ ಸಲ ಕೇಳುತ್ತೇನೆ. ಬೇಡ ಅಂದರೆ ಅದು ಮನೆಯವರಿಗೂ ಹೋಗುವುದಿಲ್ಲ, ಫೈಲಿಗೂ ಹೋಗುವುದಿಲ್ಲ.