ಬಿಸಿನೀರು ಕಾಣದ ಸುಬಾಬುಲ್ ಬೀಜ

ಸುಬಾಬುಲ್ ಮೆಕ್ಸಿಕೋ ಕಡೆಯಿಂದ ಬಂದ ಮರ. ಅದರ ಬೀಜದ ಸಿಪ್ಪೆ ಬಲು ಗಟ್ಟಿ. ನೀರು ಒಳಗೆ ಇಳಿಯೋದೇ ಇಲ್ಲ. ಬೆಂಗಳೂರಿನ ತುರಹಳ್ಳಿ ಹತ್ತಿರದ ಖಾಲಿ ಸೈಟಿನಿಂದ ಆರಿಸಿ ತಂದ ಬೀಜಗಳನ್ನು ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ ಹಳೇ ಟಿಫನ್ ಡಬ್ಬಿಯಲ್ಲಿಟ್ಟಿದ್ದೆ. ಬಹುಪಾಲು ಬೀಜ ಜಗ್ಗಲಿಲ್ಲ. ನೇಲ್ ಕಟರ್‌ನಲ್ಲಿ ತುದಿ ಕತ್ತರಿಸಿಟ್ಟವು ಮಾತ್ರ ಬೇಗ ಉಬ್ಬಿ ಮೊಳಕೆ ಒಡೆದವು. (ನನ್ನ ಹೆಂಡತಿ ಆ ಡಬ್ಬಿಯನ್ನು ಅಡುಗೆಮನೆಗೆ ವಾಪಸ್ ಸೇರಿಸಿಲ್ಲ.)

ಜಿಕೆವಿಕೆಯಲ್ಲಿ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ಓದುವ ಅಕ್ಕನ ಮಗಳು ನೋಡಿ ಕೇಳಿದಳು: "ಮೆಕ್ಸಿಕೋದಲ್ಲಿರೋ ಇದರ ನೆಂಟರೂ ಹೀಗೇನಾ ಮಾವ?"

ಒಳ್ಳೇ ಪ್ರಶ್ನೆ. ಎರಡೂ ಕಡೆಯ ಬೀಜ ತಂದು ಒಂದೇ ಟ್ರೇನಲ್ಲಿ, ಒಂದೇ ಬಿಸಿಲಿಗೆ ಇಟ್ಟರೂ ಉತ್ತರ ಪೂರ್ತಿ ಸಿಗುವುದಿಲ್ಲ. ತಾಯಿಮರ ಚೆನ್ನಾಗಿ ಉಂಡಿದ್ದರೆ ಬೀಜವೂ ದಪ್ಪ, ಸಸಿಯೂ ಜೋರು. ಅದು ವಂಶದ ಗುಣವೋ, ಉಂಡ ಊಟದ ಗುಣವೋ? ಗೊತ್ತಾಗಬೇಕಾದರೆ ಎರಡೂ ಕಡೆಯ ಗಿಡ ಒಂದೇ ತೋಟದಲ್ಲಿ ಬೆಳೆಸಿ, ಅವುಗಳ ಬೀಜ ಬಿತ್ತಬೇಕು. ಎಷ್ಟೋ ಮರಗಳಿಗೆ ಅಷ್ಟು ಕಾಯುವವರಾರು!

ಯುರೋಪಿನಲ್ಲಿ ರೋಡೋಡೆಂಡ್ರಾನ್ ಪಾಂಟಿಕಮ್ ಎಂಬ ಪೊದೆಮರದ ಎರಡೂ ಕಡೆಯ ಬೀಜ ತಂದು ಹೋಲಿಸಿ ನೋಡಿದ್ದಾರೆ. ಅದರ ತವರು ಸ್ಪೇನ್, ಜಾರ್ಜಿಯಾ ಕಡೆ. ಐರ್ಲೆಂಡಿನಲ್ಲಿ ಅದು ಕಾಡನ್ನೇ ನುಂಗುತ್ತಿದೆ. 2005ರಲ್ಲಿ ಬಂದ ಅಧ್ಯಯನದಲ್ಲಿ ಮೊಳೆಯುವುದರಲ್ಲಿ ಐರ್ಲೆಂಡಿನ ಬೀಜಗಳೇ ಮುಂದಿದ್ದವು. ಹೊಸ ಊರು ಅವನ್ನು ಹಾಗೆ ಮಾಡಿತೇ? ಇರಬಹುದು. ನನಗೆ ಅದನ್ನು ಅಂದಕ್ಕೆಂದು ಬೆಳೆಸಿದ ತೋಟಗಾರರ ಮೇಲೂ ಅನುಮಾನ. ನರ್ಸರಿಯವರು ಮೊದಲು ಎದ್ದ ಸಸಿಯನ್ನೇ ತಾನೇ ಎತ್ತಿ ಮಾರುವುದು? ತಡವಾಗಿ ಎದ್ದದ್ದು ಕಸಕ್ಕೆ ಹೋಗುತ್ತದೆ.

ಸುಬಾಬುಲ್ ಕಥೆ ಬೇರೆ. ಸ್ಪೇನಿನವರ ಹಡಗಿನಲ್ಲಿ ಮೆಕ್ಸಿಕೋದಿಂದ ಫಿಲಿಪ್ಪೀನ್ಸ್‌ಗೆ ಹೋಗಿ, ಆಮೇಲೆ ಲೋಕವೆಲ್ಲ ಹಬ್ಬಿತು. ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಮರ ಅದು. ಒಂದು ಮರ ಬಂದರೂ ಸಂತಾನಕ್ಕೆ ಸಾಕು. ಹಾಗಾಗಿ ತವರಿಗೂ ಇಲ್ಲಿಗೂ ವ್ಯತ್ಯಾಸ ಕಂಡರೂ, ಇಲ್ಲಿಗೆ ಬಂದ ಮೇಲೆ ಬದಲಾಯಿತು ಅನ್ನೋಕಾಗಲ್ಲ. ಹಡಗು ಹತ್ತಿದವರೇ ಹಾಗಿದ್ದಿರಬಹುದು, ಅಲ್ವಾ?

ಇನ್ನೊಂದು ತಮಾಷೆ ಇದೆ. ಮೇವಿಗೆ, ಸೌದೆಗೆ ಅಂತ ಸುಬಾಬುಲ್ ಸಸಿ ಮಾಡುವವರು ಬೀಜವನ್ನು 80 ಡಿಗ್ರಿ ಬಿಸಿನೀರಿನಲ್ಲಿ ಅದ್ದಿ ಬಿತ್ತುತ್ತಾರೆ. ಆಗ ಗಟ್ಟಿ ಬೀಜವೂ ಮೆತ್ತನೆಯದೂ ಒಟ್ಟಿಗೆ ಏಳುತ್ತವೆ. ಬೇಗ ಏಳುವುದನ್ನು ಯಾರೂ ಆರಿಸಿದಂತಾಗಲಿಲ್ಲ. ಆದ್ದರಿಂದ ನಮ್ಮ ಸುಬಾಬುಲ್ ಗಟ್ಟಿತನ ಕಳಕೊಂಡಿಲ್ಲ ಅಂತ ನನ್ನ ಊಹೆ. ಅದೇ ಜಾಸ್ತಿ ತೊಂದರೆ. ಮರ ಕಡಿದರೂ ಮಣ್ಣೊಳಗಿನ ಬೀಜ ವರ್ಷಗಟ್ಟಲೆ ಕಾದಿರುತ್ತದೆ.

ಮೆಕ್ಸಿಕೋ ಬೀಜ ತರಿಸಲು ಪರ್ಮಿಟ್ ಬೇಕು, ನನ್ನಿಂದಾಗದ ಕೆಲಸ. ಈ ಸಲ ಕೋಲಾರದ ಬೀಜ ಮತ್ತು ತುರಹಳ್ಳಿಯ ಬೀಜ ಒಂದೇ ಟ್ರೇಗೆ. ಬಿಸಿನೀರು ಹಾಕಲ್ಲ, ನೇಲ್ ಕಟರ್ ಮುಟ್ಟಲ್ಲ.