ಅರಿಶಿನದಿಂದ ಸ್ಕಿನ್ ಕ್ಯಾನ್ಸರ್ ಹರಡೋದು ನಿಲ್ಲುತ್ತಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

"ಇಲಿ ಮೇಲೆ ಪ್ರೂವ್ ಆಗಿದ್ಯಂತಲ್ಲ, ಹಾಗಾದ್ರೆ ನಮ್ಮತ್ತೆಗೆ ಕರ್ಕ್ಯುಮಿನ್ ಮಾತ್ರೆ ಕೊಡಬಹುದಾ?" ನಾನು ಲ್ಯಾಬಲ್ಲಿ ಇದ್ದವಳು ಅಂತ ಗೊತ್ತಾದ್ರೆ ಸಾಕು, ಮದುವೆ ಮನೆ ಊಟದ ಸಾಲಲ್ಲೂ ಇದನ್ನೇ ಕೇಳ್ತಾರೆ.

ಇಲಿ ಮೇಲೆ ಆಗಿರೋದು ನಿಜ. ಕೇರಳದ ತ್ರಿಶೂರಲ್ಲಿರೋ ಅಮಲಾ ಕ್ಯಾನ್ಸರ್ ರಿಸರ್ಚ್ ಸೆಂಟರ್‌ನವರು 1995ರಲ್ಲೇ ಅರಿಶಿನದಲ್ಲಿರೋ ಕರ್ಕ್ಯುಮಿನ್ ಅನ್ನೋ ಅಂಶ ಕೊಟ್ಟ ಇಲಿಗಳ ಶ್ವಾಸಕೋಶದಲ್ಲಿ ಮೆಲನೋಮಾ ಅನ್ನೋ ಸ್ಕಿನ್ ಕ್ಯಾನ್ಸರ್‌ನ ಗಂಟು ಸುಮಾರು 80% ಕಡಿಮೆ ಆಯ್ತು ಅಂತ ತೋರಿಸಿದ್ರು, ಸಣ್ಣ ವಿಷ್ಯ ಅಲ್ಲ ಅದು.

ಆದ್ರೆ ಈ ಪ್ರಯೋಗ ಹೇಗೆ ನಡೆಯುತ್ತೆ ಅಂತ ಕೇಳಿ. ಬಿ16ಎಫ್10 ಅನ್ನೋ ಮೆಲನೋಮಾ ಸೆಲ್ ತಗೊಂಡು, ಇಲಿ ಬಾಲವನ್ನ ಸ್ವಲ್ಪ ಬೆಚ್ಚಗೆ ಮಾಡಿ, ನರ ಉಬ್ಬಿದ ಮೇಲೆ ಸಣ್ಣ ಸೂಜೀಲಿ ಸೀದಾ ರಕ್ತಕ್ಕೇ ಬಿಡ್ತಾರೆ. ಸುಮಾರು ಮೂರು ವಾರಕ್ಕೆ ತೆಗೆದು ನೋಡಿದ್ರೆ ಹೆಬ್ಬೆರಳ ತುದಿಯಷ್ಟು ಶ್ವಾಸಕೋಶದ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕಿಗಳು, ಅವನ್ನ ಒಂದೊಂದಾಗಿ ಎಣಿಸಬೇಕು. ಔಷಧಿ ಕೊಟ್ಟ ಗುಂಪಲ್ಲಿ ಎಳ್ಳು ಕಮ್ಮಿ ಇದ್ರೆ ಎಷ್ಟು ಖುಷಿ ಆಗುತ್ತೆ ಅಂತ ನನಗೆ ಗೊತ್ತು.

ಆ ಇಲಿಗೆ ಚರ್ಮದ ಮೇಲೆ ಗಡ್ಡೆ ಬೆಳೆದು, ಅಲ್ಲಿಂದ ಬಿಡಿಸ್ಕೊಂಡು ರಕ್ತಕ್ಕೆ ಇಳಿಯೋ ಹಂತವೇ ಇರಲ್ಲ. ಔಷಧಿನೂ ಸಾಮಾನ್ಯವಾಗಿ ಸೆಲ್ ಚುಚ್ಚಿದ ಹೊತ್ತಿಗೇ ಶುರುವಾಗುತ್ತೆ, ನಿಮ್ಮತ್ತೆಗೆ ಖಾಯಿಲೆ ಗೊತ್ತಾಗೋ ಹೊತ್ತಿಗೆ ಅದು ಎಷ್ಟೋ ತಿಂಗಳಿಂದ ಒಳಗೇ ಕೂತಿರುತ್ತೆ. ಹಾಗಾಗಿ ಇಲಿಯ ಲೆಕ್ಕವನ್ನ ಅವರಿಗೆ ಹಾಗೇ ಹೊಂದಿಸೋಕಾಗಲ್ಲ.

ಇನ್ನೊಂದು, ಕರ್ಕ್ಯುಮಿನ್ ನುಂಗಿದ್ರೆ ರಕ್ತಕ್ಕೆ ಸೇರೋದೇ ಅತಿ ಕಮ್ಮಿ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕೊಟ್ಟು ನೋಡಿದ್ರೆ ರಕ್ತದಲ್ಲಿ ಸಿಕ್ಕಿದ್ದು ಇಲ್ಲ ಅನ್ನೋಷ್ಟು, ಜೊತೆಗೆ ಕರಿಮೆಣಸಲ್ಲಿರೋ ಪೈಪರಿನ್ ಅನ್ನೋ ಅಂಶ 20 ಮಿಲಿಗ್ರಾಂ ಸೇರಿಸಿದಾಗ 20 ಪಟ್ಟು ಜಾಸ್ತಿ ಆಯ್ತು. ಅದಕ್ಕೇ ಈಗ ಎಷ್ಟೋ ಮಾತ್ರೇಲಿ ಪೈಪರಿನ್ ಇರುತ್ತೆ. ಅಲ್ಲೇ ನನಗೆ ಭಯ, ಯಾಕಂದ್ರೆ ಪೈಪರಿನ್ ಬೇರೆ ಔಷಧಿಗಳನ್ನ ಲಿವರ್ ಕರಗಿಸೋ ವೇಗನೂ ತಗ್ಗಿಸುತ್ತೆ, ಕೀಮೋ ಮಾತ್ರೆ, ರಕ್ತ ತೆಳುವಾಗಿಸೋ ಮಾತ್ರೆ ತಗೊಳೋರಿಗೆ ಅದು ಆಟ ಅಲ್ಲ. ಹೆಚ್ಚು ಡೋಸಿನ ಅರಿಶಿನ ಮಾತ್ರೆಯಿಂದಲೇ ಲಿವರ್ ಕೆಟ್ಟವರೂ ಇದಾರೆ.

ಸಾರಿಗೆ ಹಾಕೋ ಚಿಟಿಕೆ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಆದ್ರೆ ಮಾತ್ರೆ ಡಬ್ಬಿ ಮನೇಲಿದ್ರೆ ಅದನ್ನ ಬಚ್ಚಿಡದೆ ಮುಂದಿನ ಸಲ ಕ್ಯಾನ್ಸರ್ ಡಾಕ್ಟರ್ ಹತ್ರ ತಗೊಂಡೋಗಿ ಟೇಬಲ್ ಮೇಲಿಡಿ, ಆಪರೇಷನ್ ಡೇಟ್ ಮಾತ್ರ ದಯವಿಟ್ಟು ಮುಂದೆ ಹಾಕಬೇಡಿ.