ಒಂದೇ ಸರ್ವರ್, ನಾಲ್ಕು ಖಾತೆ, ಹಂಚಿಕೆಯ ಕಾನ್ಫಿಗ್: ಈವರೆಗಿನ ಕೆಲಸ

ಗುರಿ: ಡೆಬಿಯನ್ ಸರ್ವರ್‌ನ ನಾಲ್ಕೂ ಖಾತೆಗಳಿಗೆ ಬ್ಯಾಷ್ (ಕಮಾಂಡ್ ಶೆಲ್), ವಿಮ್ (ಎಡಿಟರ್), ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಪರದೆ), ಗಿಟ್ (ಫೈಲ್ ಆವೃತ್ತಿಗಳ ದಾಖಲೆ) ಸೆಟ್ಟಿಂಗ್ ಒಂದೇ ಕಡೆಯಿಂದ ಸಿಗಬೇಕು. ಹೊಸ ಖಾತೆಗಳ ಮಾದರಿ ಫೈಲ್‌ಗಳಿರುವ ಸ್ಕೆಲ್ ಫೋಲ್ಡರ್ ಇದಕ್ಕೆ ಒದಗದು. ಅಲ್ಲಿನ ಫೈಲ್‌ಗಳು ಖಾತೆ ತೆರೆಯುವಾಗ ಒಮ್ಮೆ ಕಾಪಿಯಾಗುತ್ತವೆ, ಅಷ್ಟೇ.

ಯತ್ನ 1. ಒಬ್ಬರ ಹೋಮ್‌ನ (ಖಾತೆಯ ಸ್ವಂತ ಫೋಲ್ಡರ್) ಫೈಲ್‌ಗಳಿಗೆ ಉಳಿದವರಿಂದ ಸಿಮ್‌ಲಿಂಕ್ (ಬೇರೆಡೆಯ ಫೈಲ್ ತೋರಿಸುವ ಕೊಂಡಿ). ಸಿಕ್ಕಿದ್ದು ‘ಪರ್ಮಿಷನ್ ಡಿನೈಡ್’. ಫೈಲ್ 644 (ಎಲ್ಲರೂ ಓದಬಹುದು, ಒಡೆಯರಷ್ಟೇ ಬರೆಯಬಹುದು) ಆಗಿದ್ದರೂ ಹೋಮ್ 700 (ಒಡೆಯರಿಗಷ್ಟೇ ಪ್ರವೇಶ) ಇದ್ದರೆ ಬೇರೆಯವರು ಹೊಸಿಲೇ ದಾಟಲಾರರು. ಹೋಮ್ ಸಡಿಲಿಸುವ ಬದಲು ಎಲ್ಲವನ್ನೂ ಎಸ್‌ಆರ್‌ವಿ ಎಂಬ ಸಿಸ್ಟಮ್ ಫೋಲ್ಡರ್ ಕೆಳಗೆ ಒಂದು ಫೋಲ್ಡರ್‌ಗೆ ಸಾಗಿಸಲಾಯಿತು.

ಯತ್ನ 2. ಆ ಫೋಲ್ಡರ್‌ಗೊಂದು ಗ್ರೂಪ್ (ಖಾತೆಗಳ ಗುಂಪು), ಮೋಡ್ (ಹಕ್ಕುಗಳ ಸಂಖ್ಯೆ) 2775. ಮೊದಲ ಅಂಕಿ 2 ಎಂದರೆ ಸೆಟ್‌ಜಿಐಡಿ: ಒಳಗೆ ಹುಟ್ಟುವ ಫೈಲ್‌ಗೆ ಫೋಲ್ಡರಿನ ಗ್ರೂಪೇ ಬರುತ್ತದೆ. ಆದರೆ ಯುಮಾಸ್ಕ್ (ಹೊಸ ಫೈಲ್‌ನಿಂದ ಕಳೆಯುವ ಹಕ್ಕುಗಳು) 022 ಇದ್ದರೆ ಗ್ರೂಪ್‌ಗೆ ಬರೆಯುವ ಹಕ್ಕಿಲ್ಲ, 002 ಬೇಕು. ಅದೇ ಪಾರ್ಟಿಷನ್‌ನೊಳಗೆ ಎಂವಿ ಮಾಡಿದ (ಸ್ಥಳಾಂತರಿಸಿದ) ಫೈಲ್ ಹಳೆಯ ಗ್ರೂಪನ್ನೇ ಹೊತ್ತು ಬರುತ್ತದೆ. ಸಿಪಿ (ಕಾಪಿ) ಮಾಡಿದರೆ ತೊಂದರೆಯಿಲ್ಲ. ಇವೆಲ್ಲ ಸರಿಪಡಿಸಬಹುದಾದವು. ಈ ಏರ್ಪಾಡು ಬಿದ್ದದ್ದು ಬೇರೆ ಕಾರಣಕ್ಕೆ: ಹಂಚಿಕೆಯ ಬ್ಯಾಷ್‌ಆರ್‌ಸಿಗೆ (ಬ್ಯಾಷ್ ಶುರುವಾಗುವಾಗ ಓಡುವ ಫೈಲ್) ಬರೆಯಬಲ್ಲವರು ಅದನ್ನು ಓದುವ ಪ್ರತಿ ಖಾತೆಯ ಹೆಸರಲ್ಲೂ ಕಮಾಂಡ್ ಓಡಿಸಬಲ್ಲರು. ಒಂದು ಖಾತೆಗೆ ಸುಡೋ (ಆಡಳಿತಗಾರರ ಹಕ್ಕಿನಲ್ಲಿ ಕಮಾಂಡ್ ಓಡಿಸುವ ಅನುಮತಿ) ಇದ್ದರೂ ಸಾಕು, ರೂಟ್ (ಎಲ್ಲ ಹಕ್ಕುಳ್ಳ ಖಾತೆ) ಸಿಕ್ಕಂತೆಯೇ. ಈಗ ಒಡೆತನ ರೂಟ್‌ನದು; ಫೋಲ್ಡರ್ 755, ಫೈಲ್ 644, ಅಂದರೆ ಉಳಿದವರು ಓದಬಹುದಷ್ಟೇ.

ಈಗಿನ ಸ್ಥಿತಿ. ಸಿಮ್‌ಲಿಂಕ್ ಪೂರ್ತಿ ಕೈಬಿಟ್ಟಿದೆ. ಫೈಲ್ ತಿದ್ದುವ ‘ಸೆಡ್ -ಐ’ ಓಡಿಸಿದರೆ ಲಿಂಕ್ ಸದ್ದಿಲ್ಲದೆ ಮಾಮೂಲಿ ಫೈಲ್ ಆಗಿಬಿಡುತ್ತದೆ. ಬದಲಿಗೆ ಪ್ರತಿಯೊಬ್ಬರ ಸ್ವಂತ ಫೈಲ್‌ನ ತಲೆಯಲ್ಲಿ ಒಂದು ಸಾಲು: ಬ್ಯಾಷ್, ವಿಮ್‌ಗೆ ಸೋರ್ಸ್, ಟಿಮಕ್ಸ್‌ಗೆ ಸೋರ್ಸ್-ಫೈಲ್, ಗಿಟ್‌ಗೆ ಇನ್‌ಕ್ಲೂಡ್. ತಲೆಯಲ್ಲೇ ಏಕೆಂದರೆ, ಕೆಳಗಿನ ಸ್ವಂತ ಸೆಟ್ಟಿಂಗ್ ಮೇಲಿನದನ್ನು ಮೀರಬೇಕು. ಹೆಸರು, ಇಮೇಲ್ ಹಂಚಿಕೆಯ ಗಿಟ್‌ಕಾನ್ಫಿಗ್‌ಗೆ ಬರಕೂಡದು.

ಎದುರಾದ ಎರಡು ಎಡವಟ್ಟು. ಹಂಚಿಕೆಯ ಬ್ಯಾಷ್‌ಆರ್‌ಸಿಯ ಒಂದೇ ಒಂದು ಎಕೋ (ಪಠ್ಯ ಮುದ್ರಿಸುವ) ಸಾಲು ಆರ್‌ಸಿಂಕ್ (ಯಂತ್ರಗಳ ನಡುವೆ ಫೈಲ್ ಸಾಗಿಸುವ ಸಾಧನ) ಅನ್ನು ಮುರಿಯಿತು: ‘ಪ್ರೋಟೊಕಾಲ್ ವರ್ಷನ್ ಮಿಸ್‌ಮ್ಯಾಚ್’. ಶೆಲ್ ಇಂಟರಾಕ್ಟಿವ್ (ಮನುಷ್ಯರು ಟೈಪ್ ಮಾಡುವಂಥದ್ದು) ಅಲ್ಲದಿದ್ದರೆ ಮೊದಲ ಸಾಲಿನಲ್ಲೇ ರಿಟರ್ನ್ ಮಾಡಿಸಿದ್ದಾಯಿತು. ಇನ್ನೊಂದು, ಆ ಫೋಲ್ಡರ್ ಗಿಟ್ ರೆಪೊ ಆಗಿರುವುದರಿಂದ ಉಳಿದ ಖಾತೆಗಳಲ್ಲಿ ‘ಡ್ಯೂಬಿಯಸ್ ಓನರ್‌ಶಿಪ್’ (ಅನುಮಾನಾಸ್ಪದ ಒಡೆತನ) ಎಂಬ ದೂರು. ಗಿಟ್‌ನ 2022ರ 2.35.2 ಆವೃತ್ತಿಯಿಂದ ಈ ತಪಾಸಣೆ ಇದೆ. ಸಿಸ್ಟಮ್ ಮಟ್ಟದ ಗಿಟ್‌ಕಾನ್ಫಿಗ್‌ನಲ್ಲಿ ಸೇಫ್.ಡೈರೆಕ್ಟರಿ ಸೇರಿಸಿದರೆ ಮುಗಿಯಿತು.

ಬಾಕಿ: ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್) ಸೆಟ್ಟಿಂಗ್. ಅಲ್ಲಿ ಲೆಕ್ಕ ತಿರುಗುಮುರುಗು, ಮೊದಲು ಸಿಕ್ಕ ಮೌಲ್ಯವೇ ಗಟ್ಟಿ. ಹಾಗಾಗಿ ಇನ್‌ಕ್ಲೂಡ್ ಕೊನೆಗೆ ಹೋಗಬೇಕು, ಅದಕ್ಕೂ ಮುಂಚೆ ‘ಮ್ಯಾಚ್ ಆಲ್’ (ಎಲ್ಲ ಯಂತ್ರಗಳಿಗೂ ಅನ್ವಯ) ಬರಬೇಕು. ಇಲ್ಲದಿದ್ದರೆ ಇನ್‌ಕ್ಲೂಡ್ ಮೇಲಿನ ಹೋಸ್ಟ್ ಬ್ಲಾಕ್‌ನೊಳಗೆ (ನಿರ್ದಿಷ್ಟ ಯಂತ್ರಕ್ಕಷ್ಟೇ ಅನ್ವಯಿಸುವ ಭಾಗ) ಸೇರಿಹೋಗುತ್ತದೆ.